ದೂರು

ರಾತ್ರಿ ಒಂಬತ್ತೂಕಾಲು. ಠಾಣೆಯ ಫ್ಯಾನು
ಕಾರ್ಬನ್ ಹಾಳೆಯ ಮೂಲೆ ಎತ್ತಿ ಎತ್ತಿ ನೋಡುತ್ತಿತ್ತು.
ಎದುರಿಗೆ ಕೂತವಳ ಬಲಗಾಲಲ್ಲಿ ಮಾತ್ರ ಚಪ್ಪಲಿ.
ಹೆಸರು ಕೇಳಿದೆ. ತಡಾಲಾ ಕಾಮ್ವೆಂಡೊ.
ಮ-ಗೆ ವ-ವೊತ್ತು ಕೊಟ್ಟು ಬರೆದು ತೋರಿಸಿದೆ.
ಬಗ್ಗಿ ನೋಡಿ, "ದುಂಡಗಿದೆ" ಅಂದಳು.

ವಯಸ್ಸು ಇಪ್ಪತ್ತೊಂದು. ನರ್ಸಿಂಗ್ ಮೂರನೇ ವರ್ಷ.
ವಾಸ: ಮರಳೂರು ದಿಣ್ಣೆ, ಹಾಲಿನ ಬೂತಿನ ಮೇಲಿನ ಮನೆ.
ರಾಷ್ಟ್ರೀಯತೆ: ಮಲಾವಿ.
ಪಾಸ್‌ಪೋರ್ಟ್ ಸಂಖ್ಯೆ ಅನ್ನುವ ಕಾಲಂ
ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಕೈಯಲ್ಲಿ ತುಂಬಿತು.
ಜಾತಿ ಅನ್ನುವಲ್ಲಿ ಪೆನ್ನು ನಿಂತಿತು.
"ಅದೂ ಹೇಳಬೇಕಾ?"
ಬೇಡ ಬಿಡಮ್ಮ, ಅಂತ ಒಂದು ಗೀಟು ಎಳೆದೆ.
ಅದು ಅಷ್ಟು ಸಲೀಸಾಗಿ ಬಂದದ್ದು ನನಗೇ ಸೋಜಿಗ.

ಇನ್ನು ನಡೆದದ್ದು.
"ಅಣ್ಣ ಬೈಕಲ್ಲಿ ಬಂದ್ರು. ಫೋನ್ ಕಿತ್ಕೊಂಡ್ರು. ಹೋದ್ರು."
ಎಷ್ಟು ಜನ?
"ಒಬ್ರೇ."
ಸೊಪ್ಪು ಮಾರುವ ಪುಟ್ಟನಂಜಕ್ಕನ ಹತ್ತಿರ ಕಲಿತ ಕನ್ನಡವಂತೆ,
ಅದರಲ್ಲಿ ಏಕವಚನವೇ ಇರಲಿಲ್ಲ.
ಬಂದನು, ಕಿತ್ತುಕೊಂಡನು, ಪರಾರಿಯಾದನು:
ಅವಳು ಕೊಟ್ಟಿದ್ದ ಮರ್ಯಾದೆಯನ್ನು
ನಾನು ಒಂದೊಂದಾಗಿ ವಾಪಸು ಇಸಕೊಂಡೆ.

ಭದ್ರಮ್ಮ ಛತ್ರದ ಸರ್ಕಲ್ಲು, ಜ್ಯೂಸ್ ಅಂಗಡಿ ಎದುರು.
ಕೂಗಲಿಲ್ವಾ ನೀನು?
ಕೂಗಿದಳಂತೆ. ದಿಗಿಲಿಗೆ ಬಾಯಿಗೆ ಬಂದದ್ದು ಊರಿನ ಮಾತು:
ಮ್ಬಾವ! ಮ್ಬಾವ!
ಕಳ್ಳ ಅನ್ನೋದಕ್ಕೆ ಅಲ್ಲಿ ಹಾಗೆ.
ಜ್ಯೂಸ್ ಕುಡಿಯುತ್ತಿದ್ದವರಿಗೆ ಕೇಳಿಸಿದ್ದು ಭಾವ, ಭಾವ.
"ಭಾವ ಬಿಟ್ಟೋದ್ನಾ?" ಅಂತ ನಕ್ಕರು.

ಅವಳು ಬೈಕಿನ ಹಿಂದೆ ಓಡಿದಳು.
ಎಡಗಾಲಿನ ಚಪ್ಪಲಿ ಹೋಯಿತು.
ಯಾರೋ ರಟ್ಟೆ ಹಿಡಿದರು. "ಏನ್ ಕದ್ದೆ? ತೆಗಿ."
ಬ್ಯಾಗು ರಸ್ತೆಗೆ ಸುರಿದರು:
ಸ್ಟೆತಾಸ್ಕೋಪು, ಅರ್ಧ ಪ್ಯಾಕು ಬಿಸ್ಕತ್ತು,
ಒಂದು ಕಟ್ಟು ದಂಟಿನ ಸೊಪ್ಪು.
ಬೈಕಲ್ಲಿ ಹೋದವನನ್ನು ಯಾರೂ ನೋಡಿರಲಿಲ್ಲ.
ಓಡಿದವಳನ್ನು ಎಲ್ಲರೂ ನೋಡಿದ್ದರು.

ಇದಕ್ಕೊಂದು ಕಾಲಂ ಹುಡುಕಿದೆ.
ಕಳುವಾದ ಸ್ವತ್ತಿನ ವಿವರ, ಇದೆ. ಅಂದಾಜು ಮೌಲ್ಯ, ಇದೆ:
ಒಂಬತ್ತು ಸಾವಿರದ ಐನೂರು, ಗಾಜು ಮೊದಲೇ ಸೀಳಿತ್ತು.
ಮಿಕ್ಕಿದ್ದನ್ನು ಹಾಳೆಯ ಅಂಚಿಗೆ
ಅಕ್ಷರ ಸಣ್ಣದು ಮಾಡಿ ಬರೆದೆ.

ಒಳಗಿಂದ ಸಾಹೇಬರು:
"ಎಂಟು ಗಂಟೇಲಿ ಒಬ್ಳೇ ಯಾಕ್ ಓಡಾಡ್ತಿದ್ಲಂತೆ? ಅದ್ನೂ ಬರ್ಕೊ."
ಪೆನ್ನಲ್ಲಿ ಇಂಕಿಲ್ಲ ಸಾರ್, ಅಂದೆ.
ಇತ್ತು.

ದೂರ ಅನ್ನುವುದಕ್ಕೆ ಒಂದು ಕೊಂಬು ಹಚ್ಚಿದರೆ ದೂರು.
ಇಷ್ಟು ವರ್ಷ ಬರೆದರೂ ಕಣ್ಣಿಗೆ ಬಿದ್ದಿರಲಿಲ್ಲ.

ಓದಿ ಹೇಳಿದೆ.
'ಓದಿಸಿ ಕೇಳಲಾಗಿ ಸರಿಯಿರುತ್ತದೆ' ಎಂಬಲ್ಲಿ ಸಹಿ ಹಾಕುತ್ತಾ,
"ಅಕ್ಕ, ಸಿಗುತ್ತಾ?"
ನೋಡೋಣ, ಅಂದೆ, ದಿನಕ್ಕೆ ಹತ್ತು ಸಲ ಅನ್ನುವ ಹಾಗೆ.
ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು,
"ನೀವು ಮನೆಗೆ ಹೆಂಗೆ ಹೋಗ್ತೀರಾ?"

ಹನ್ನೊಂದಕ್ಕೆ ಡ್ಯೂಟಿ ಮುಗೀತು.
ಅವಳಿನ್ನೂ ಮೆಟ್ಟಿಲ ಮೇಲೇ ಇದ್ದಳು,
ಫೋನಿಲ್ಲದೆ ಆಟೋ ಕರೆಯುವುದೆಲ್ಲಿಂದ.
ಖಾಕಿ ಕಳಚಿ ಚೂಡಿದಾರ ತೊಟ್ಟು ಹೊರಗೆ ಬಂದೆ.
ಗೇಟು ದಾಟುವ ಮುಂಚೆ, ದಿನಾ ಮಾಡುವ ಹಾಗೆ,
ಸರ ತಿರುಗಿಸಿ ಒಳಕ್ಕೆ ಹಾಕಿದೆ,
ವೇಲು ಎರಡು ಸುತ್ತು ಸುತ್ತಿ ಪಿನ್ನು ಚುಚ್ಚಿದೆ,
ಬ್ಯಾಗನ್ನು ಗೋಡೆ ಕಡೆಯ ಹೆಗಲಿಗೆ ಬದಲಿಸಿದೆ.
ಅವಳು ನೋಡುತ್ತಿದ್ದಳು.
"ನೀವೂನಾ?"

ಉತ್ತರ ಕೊಡದೆ ಒಳಗೆ ಹೋದೆ.
ಜಪ್ತಿ ಮಾಲಿನ ರಾಶಿಯಲ್ಲಿ ವಾರಸುದಾರರಿಲ್ಲದ
ಒಂದು ಜೊತೆ ಹವಾಯಿ ಚಪ್ಪಲಿ ಬಹಳ ದಿನದಿಂದ ಬಿದ್ದಿತ್ತು.
ಪುಸ್ತಕದಲ್ಲಿ ನಮೂದಿಸದೆ ತಂದುಕೊಟ್ಟೆ.
ಒಂದು ಸೈಜು ದೊಡ್ಡದು.

ಬಿ.ಎಚ್. ರಸ್ತೆಯ ಷಟರುಗಳು ಇಳಿದಿದ್ದವು.
ಪಟ ಪಟ ಅಂತ ಅವಳ ಕಾಲು.
ಹಿಂದೆ ಬೈಕಿನ ಸದ್ದು ಬಂದಾಗೆಲ್ಲ ಇಬ್ಬರೂ ಒಟ್ಟಿಗೇ ನಿಂತೆವು,
ಮುಂದೆ ಹೋಗಲು ಬಿಟ್ಟೆವು, ಮತ್ತೆ ನಡೆದೆವು.
ಗೋಡೆ ಕಡೆ ಯಾರು ಅಂತ
ಸ್ವಲ್ಪ ದೂರ ತಳ್ಳಾಟ ನಡೆಯಿತು.