ದೂರವಿಲ್ಲದ ಊರಲ್ಲಿ

ಪೊನ್ನಂಪೇಟೆಯ ಪಶು ಆಸ್ಪತ್ರೆಯಲ್ಲಿ
ಹನ್ನೊಂದು ವರ್ಷದಿಂದ ಸೂಜಿ ಚುಚ್ಚುವವಳು ನಾನು.
ಯಾವ ನಾಯಿ ತರಲಿ ಮೇಡಂ, ಅಂತ ಯಾರೇ ಕೇಳಲಿ
ಥಟ್ಟನೆ ಹೇಳುತ್ತೇನೆ:
ನಾಯಿಯ ಚಂದ ಆಮೇಲೆ, ಬೆಳಗ್ಗೆ ಐದಕ್ಕೆ
ನಿಮ್ಮ ಮನೆಯಲ್ಲಿ ಏಳುವವರು ಯಾರು, ಅದು ಹೇಳಿ.

ನಮ್ಮದೇ ಮನೆಯ ಪಾಳಿ ಬಂದಾಗ
ಬಾಯಿ ಕಟ್ಟಿತು.

ಮುಧೋಳದಿಂದ ಅಣ್ಣನ ಫೋನು:
"ಮರಿ ತಗದಿಟ್ಟೀನಿ ತಂಗಿ. ಹೆಣ್ಣು. ಒಣಹುಲ್ಲಿನ ಬಣ್ಣ.
ಕಾಲು ನೋಡಿದರ ನಿನ್ನವೇ ಅನಸ್ತಾವ."
ಕೂನೂರಿನ ಎಸ್ಟೇಟಿನಿಂದ ಬಿದ್ದಪ್ಪನ ಗೆಳೆಯ:
ಬಾರ್ಡರ್ ಕೋಲಿ, ವರ್ಷ ತುಂಬಿಲ್ಲ,
ಕುರಿ ಮಾರಿಬಿಟ್ಟೆವು, ನಾಯಿಗೆ ಕೆಲಸವಿಲ್ಲ,
ಕೆಲಸವಿಲ್ಲದೆ ಅದು ಜೀಪಿನ ಸೀಟು ತಿನ್ನುತ್ತಿದೆ.

ಬಿದ್ದಪ್ಪ ಕೋಲಿಯ ಕಡೆ. ಹೇಳಿದ ಮಾತು ಕೇಳುತ್ತೆ, ಅಂದ.
ಮಾತು ಕೇಳುವ ಒಂದು ಜೀವವಾದರೂ ಇರಲಿ ಈ ಮನೆಯಲ್ಲಿ, ಅಂದ,
ನನ್ನ ಕಡೆ ನೋಡದೆ.
ದೇಚಮ್ಮ, ಎಂಟನೇ ಕ್ಲಾಸು, ಹಾಕಿ ಸ್ಟಿಕ್ಕಿಗೆ ಟೇಪು ಸುತ್ತುತ್ತ
ಯಾವುದಾದರೂ ಸರಿ, ನನ್ನ ಬೂಟು ಕಡಿಯದಿದ್ದರೆ, ಅಂದಳು.

ನಾನು ಮುಧೋಳದ ಕಡೆ. ಕಾರಣ ಕೇಳಬೇಡಿ.
ಕೇಳಿದರೆ ಹೇಳುತ್ತೇನೆ:
ನಮ್ಮೂರ ಎರೆಹೊಲದಲ್ಲಿ ಜೋಳ ಕೊಯ್ದ ಮೇಲೆ
ಮೂರು ಮೈಲಿ ಆಚೆಯ ಬಸ್ಸಿನ ಧೂಳು ಕಾಣುತ್ತದೆ.
ಆ ಬಯಲಲ್ಲಿ ಮೊಲ ಎದ್ದರೆ
ನಾಯಿ ಓಡಿದ್ದು ಯಾರಿಗೂ ಕಾಣುವುದಿಲ್ಲ,
ಅದು ನಿಂತಿದ್ದ ಜಾಗ ಖಾಲಿಯಾಗಿರುತ್ತದೆ.

ಹವಾಲ್ದಾರ್ ಉತ್ತಯ್ಯ, ಮೀರತ್‌ನಲ್ಲಿ
ಇಪ್ಪತ್ತು ವರ್ಷ ನಾಯಿಗಳ ಜೊತೆ ಉಂಡು ಮಲಗಿದವರು,
ಕಾಫಿ ಊದಿ ಕುಡಿಯುತ್ತ ತೋಟ ತೋರಿಸಿದರು:
"ಮುಧೋಳದ್ದು ಕಣ್ಣಿಂದ ಬೇಟೆಯಾಡುವ ನಾಯಿ.
ಇಲ್ಲಿ ಕೂತರೆ ಎಷ್ಟು ದೂರ ಕಾಣುತ್ತದೆ, ಎಣಿಸು ಮಗಳೇ."
ಎಣಿಸಿದೆ. ಕಾಫಿ ಗಿಡ, ಅದರ ಹಿಂದೆ ಕಾಫಿ ಗಿಡ,
ಮೆಣಸಿನ ಬಳ್ಳಿ ಹೊತ್ತ ಸಿಲ್ವರ್ ಮರ, ಮರಕ್ಕೆ ಆನಿಸಿದ ಏಣಿ.
ಏಣಿಯ ನಾಲ್ಕನೇ ಮೆಟ್ಟಿಲ ತನಕ.

ಹಾಗಾದರೆ ಕೋಲಿ ಸರಿಯೆ?
"ಅದೂ ತಪ್ಪೇ. ಕುರಿಯಿಲ್ಲ. ಮೈತುಂಬ ಕೂದಲು,
ಜೂನಿನಲ್ಲಿ ಜಿಗಣೆ ಹೆಕ್ಕುತ್ತ ಕೂರಬೇಕು.
ಎರಡು ತಪ್ಪಿನಲ್ಲಿ ಯಾವ ತಪ್ಪಿಗೆ
ದಿನಾ ಅನ್ನ ಹಾಕಬಲ್ಲೆ, ಅದನ್ನ ಯೋಚಿಸು."

ಕೋಲಿ ಬಂತು, ಒಂಬತ್ತು ದಿನದ ಮಟ್ಟಿಗೆ, ನೋಡೋಣವೆಂದು.
ಮೊದಲ ದಿನ ಕೋಳಿಗಳನ್ನೆಲ್ಲ ಬಚ್ಚಲಿಗೆ ತುಂಬಿತು.
ಮರುದಿನ ಕರೆಂಟು ಬಿಲ್ಲಿನವನನ್ನು, ಬೈಕಿನ ಸಮೇತ, ಕೊಟ್ಟಿಗೆಗೆ.
ಆಮೇಲೆ ನಾಲ್ಕು ದಿನ ಸುಮ್ಮನೆ ಕೂತು ನಮ್ಮನ್ನು ನೋಡಿತು:
ಪಂಪ್‌ಶೆಡ್ಡಿನಲ್ಲಿ ಒಬ್ಬ,
ರೂಮಿನ ಬಾಗಿಲು ಹಾಕಿಕೊಂಡು ಒಬ್ಬಳು,
ಹಿತ್ತಲ ಮೆಟ್ಟಿಲ ಮೇಲೆ ಫೋನಿನಲ್ಲಿ
ಜಮಖಂಡಿ ಬಸ್ಸಿನ ವೇಳೆ ನೋಡುವ ಇನ್ನೊಬ್ಬಳು.

ಏಳನೇ ಸಂಜೆ ಕೆಲಸಕ್ಕೆ ಇಳಿಯಿತು.
ದೇಚಮ್ಮನ ಹಿಮ್ಮಡಿಗೆ ಮೂಗು, ಬಿದ್ದಪ್ಪನ ಲುಂಗಿಯ ಅಂಚಿಗೆ ಹಲ್ಲು,
ನನ್ನ ಮೊಣಕಾಲ ಹಿಂದೆ ಬಿಸಿ ಉಸಿರು.
ಅಡುಗೆಮನೆಯ ಬೆಂಚಿನಲ್ಲಿ ಮೂವರನ್ನೂ ಕೂರಿಸಿ
ಬಾಗಿಲಿಗೆ ಅಡ್ಡ ಮಲಗಿತು.
ಏನು ಮಾತಾಡುವುದು, ತೋಚದೆ
ನಿನ್ನೆಯ ಕಡಂಬುಟ್ಟು ಬಿಸಿ ಮಾಡಿದೆ.

ಅಣ್ಣನಿಗೆ ಹೇಳಿದೆ: ಬ್ಯಾಡಣ್ಣ. ಇಲ್ಲಿ ದೂರ ಇಲ್ಲ.
ಅವನು ಒಂದು ಗಳಿಗೆ ಬಿಟ್ಟು
"ಮತ್ತ ನೀ ಹೆಂಗ ಇದ್ದೀ?" ಅಂದ.

ಈಗ ಬೆಳಗ್ಗೆ ಐದಕ್ಕೆ ಏಳುವವಳು ನಾನೇ.
ಮಕ್ಕಳು ಬರುವ ಮುಂಚೆ ಹಾಕಿ ಮೈದಾನ ಖಾಲಿ.
ನನ್ನ ಪಾಲಿನ ದೂರವೆಲ್ಲ ಅಲ್ಲೇ, ಗೋಲಿನಿಂದ ಗೋಲಿಗೆ.
ಮಗಳ ಹಳೇ ಟ್ರ್ಯಾಕ್ ಪ್ಯಾಂಟಿನಲ್ಲಿ ಓಡುತ್ತೇನೆ.
ಕೋಲಿ ಹುಲ್ಲಿಗೆ ಹೊಟ್ಟೆ ಒತ್ತಿ, ಬಳಸಿ ಬಂದು,
ಅರ್ಧ ಮೈದಾನದ ಗೆರೆಯಲ್ಲಿ ನನ್ನೆದುರು ನಿಲ್ಲುತ್ತದೆ.
ತಿರುಗುತ್ತೇನೆ.
ಕೆಲವು ದಿನ ತಿರುಗುವುದಿಲ್ಲ.
ಆಗ ಅದೂ ನನ್ನ ಜೊತೆಗೇ ಓಡುತ್ತದೆ, ಆಚೆ ಗೋಲಿನ ತನಕ,
ಬೈಯುತ್ತ.