ನೆಲದ ಟಿಕೇಟು

ಶಹಾಬಾದಿನ ಟಾಕೀಸಿನಾಗ ನಮ್ಮಪ್ಪ ಟಿಕೇಟು ಹರಿತಿದ್ದ.
ಅರ್ಧ ಅವರ ಕೈಗೆ, ಅರ್ಧ ತಗಡಿನ ಡಬ್ಬಿಗೆ.
ಬಾಗಿಲ ಸಂದಿಯಾಗ, ಡಬ್ಬಿಯ ಮಗ್ಗಲು ಕುಂತು
ಪರದೆಯ ಬಲಗಡೆ ಮೂಲಿ ಒಂದೇ ನೋಡಿ ಬೆಳೆದಾಕಿ ನಾನು.
ನನ್ನ ಲೆಕ್ಕದಾಗ ಹಿರೋಯಿನ್‌ಗೆ ಒಂದೇ ಕಣ್ಣು.

ಬರ್ತಿದ್ದ ಸಿನೆಮಾ ಎಲ್ಲಾ ದೊಡ್ಡ ಮಂದೀವು.
ಹಾವಿನಂಗ ಹೊರಳಿ ಇಳಿಯೋ ಮೆಟ್ಟಿಲು,
ಬಾರಿಸೋರು ಇಲ್ಲದಿದ್ರೂ ಹಲ್ಲು ಕಿಸಿದ ಪಿಯಾನೋ,
ಗೌನಿನ ಹಿಂದ ನೆಲ ಬಳ್ಕೋತ ಬರೋ ದುಃಖ.
ಅಷ್ಟು ದೊಡ್ಡ ಮನ್ಯಾಗ ಒಬ್ಬರೂ ಭಾಂಡಿ ತಿಕ್ಕಲಿಲ್ಲ,
ಒಬ್ಬರ ಹೆಸರಿನಾಗೂ
ನಮ್ಮ ಓಣಿಯ ಒಂದು ಅಕ್ಷರ ಇರಲಿಲ್ಲ.

ನೆಲದ ಟಿಕೇಟು ನಲವತ್ತು ಪೈಸೆ.
ನೆಲ ಅಂದ್ರ ಫರ್ಸಿ, ನಮ್ಮೂರ ಖಣಿಯ ಕಲ್ಲು,
ಬ್ಯಾಸಿಗ್ಯಾಗೂ ಕುಂಡಿಗೆ ತಂಪು.
ಅಲ್ಲಿ ಕಲ್ಲು ಒಡೆಯೋ ಮೊಗಲಪ್ಪ,
ಹುಬ್ಬಿನ ತುಂಬ ಸಿಮೆಂಟ್ ಹೊತ್ತ ಖಾಜಾಸಾಬ,
ತೆಲುಗಿನ್ಯಾಗ ಬೈದು ಕನ್ನಡದಾಗ ಅಳೋ ಪೋಚಮ್ಮ,
ತಾಂಡಾದ ಸೋಮ್ಲಿಬಾಯಿ, ತೊಡಿ ಮ್ಯಾಲ ಕೂಸು.
ಬೊಂಬಾಯಿಯ ನಯದ ಮಾತಿಗೆ
ಹುಸೇನಬಿ ಅರ್ಥ ಹೇಳಾಕಿ.
ಬ್ಯಾಸರಾದ್ರ ಬ್ಯಾರೆ ಕಥೀನೇ ಹೇಳಾಕಿ,
ಅದು ಛಲೋ ಇರ್ತಿತ್ತು.

ಒಂದು ಪಾರ್ಟಿಯಾಗ ಸಾವ್ಕಾರನ ಮಗಳು
ತಮಾಷೆಗೆ ಲಂಬಾಣಿ ವೇಷ ಹಾಕಿ ಕುಣಿದ್ಲು.
ಶಿಳ್ಳೆಯೋ ಶಿಳ್ಳೆ.
ಸೋಮ್ಲಿಬಾಯಿ ಶೇಂಗಾ ಅಗಿಯೋದು ನಿಲ್ಲಿಸಿದ್ಲು.
“ಲಗ್ನ ಆಗದಾಕಿ ಘುಗರಿ ಕಟ್ಯಾಳ,
ತೋಳಿನಾಗ ಬಳಿ ಇಲ್ಲ.
ಗಂಡ ಬರೋದಕ್ಕಿಂತ ಮೊದಲೇ ಅವನ್ನ ಸಾಯಿಸ್ಯಾಳ!”
ನಕ್ಕಳು, ಮೈ ಕುಲುಕಿ ನಕ್ಕಳು,
ಪರದೆಯ ಬೆಳಕು ಆಕಿ ರವಿಕೆಯ ಕನ್ನಡಿಗೆ ಬಡಿದು
ಟಾಕೀಸಿನ ತಗಡಿನ ಮ್ಯಾಲೆಲ್ಲಾ
ಚುಕ್ಕಿ ಚದುರಿ ಓಡಾಡಿದವು.
ಆ ಹೊತ್ತು ಪರದೆ ಯಾರು ನೋಡಿದ್ರು?

ನಾನು ನೋಡ್ತಿದ್ದೆ. ನನ್ನ ಮೂಲಿಯೊಳಗ
ತಟ್ಟಿ ಹಿಡಿದಾಂವ ಬಂದು ನಿಂತಿದ್ದ.
ಎಲ್ಲಾ ಸಿನೆಮಾದಾಗೂ ಬರಾಂವ. ಹೆಸರು “ಏಯ್.”
ಕ್ಯಾಮೆರಾ ಕುಂತವರ ಎತ್ತರಕ್ಕ ಇತ್ತು,
ಇಂವ ನಿಂತಾಂವ,
ಹಂಗಾಗಿ ತಲಿ ಚೌಕಟ್ಟಿನ ಆಚೆ ಉಳೀತು.
ಗುಂಡಿ, ಬಿಳಿ ಕೈಚೀಲ, ಗಾಜಿನ ಗ್ಲಾಸು,
ಮ್ಯಾಲ ಏನೂ ಇಲ್ಲ.

ಆಗ ಮೊಗಲಪ್ಪ ಎದ್ದು ನಿಂತ.
ಅವನ ಪಟಗಾದ ನೆರಳು ಅರ್ಧ ಪಾರ್ಟಿ ನುಂಗಿತು.
“ಕೆಳಗ ನೋಡ್ರೋ, ಕೆಳಗ ನೋಡ್ರಿ, ಅದಾನ!”
ಗದ್ದಲದಾಗ ನಮಗ ಕೇಳಿಸಿದ್ದು “ಅದ.”
ಕಲ್ಲು ಅದ, ನಮ್ಮೂರ ಕಲ್ಲು,
ದೊಡ್ಡ ಮಂದಿ ಅದರ ಮ್ಯಾಲೇ ಕುಣಿತಾರ.
“ಹೌದೋ ಮುದುಕಾ, ಫರ್ಸಿ ನಿಂದೇ, ಕೂಡು!”
ಸಾಯೋತನಕ ಅವನಿಗೆ ಅದೇ ಅಡ್ಡಹೆಸರು,
ಸಿನೆಮಾ ಫರ್ಸಿ ಮೊಗಲಪ್ಪ.
ಅಂವ ಒಮ್ಮೆಯೂ ತಿದ್ದಲಿಲ್ಲ.
ತಿದ್ದಿದ್ರೂ ನಾವೇನು ಕೇಳ್ತಿದ್ವಿ?

ಟಾಕೀಸು ಈಗ ಸಿಮೆಂಟು ಚೀಲದ ಗೋದಾಮು.
ಹೋದ ವಾರ ವಾಡಿ ಸ್ಟೇಷನ್ನಿನಾಗ, ರೈಲು ತಡ,
ತಮ್ಮನ ಮಗನ ಫೋನಿನಾಗ ಅದೇ ಸಿನೆಮಾ ಹತ್ತಿತು.
ಹಿರೋಯಿನ್‌ಗೆ ಎರಡೂ ಕಣ್ಣು ಅದಾವ.
ಭಾಳ ಚೆಂದ ಏನಲ್ಲ.
ಪಾರ್ಟಿ ಬಂತು. ನಿಲ್ಲಿಸಿದೆ.
ತಟ್ಟಿಯಾಂವ, ಗುಂಡಿ, ಕೈಚೀಲ, ಕತ್ತರಿಸಿದ ಕುತ್ತಿಗಿ.
ಬೆರಳಿಲೆ ಕೆಳಗ ಸರಿಸಿ ದೊಡ್ಡದು ಮಾಡಿದೆ.
ಎಣ್ಣಿ ಹಚ್ಚಿ ತಿಕ್ಕಿದ ಕರಿ ನೆಲದಾಗ
ತಲಿಕೆಳಗಾಗಿ ಒಂದು ಮುಖ.
ಕರಿ ಮುಖ, ಸಣ್ಣ ಮೀಸಿ, ಹಣಿ ತುಂಬ ಬೆವರು,
ಸಾವ್ಕಾರನ ಮಗಳ ಕಡೆ ಅಲ್ಲ,
ಸೀದಾ ನೆಲದ ಟಿಕೇಟಿನ ಕಡೆ ನೋಡ್ಲಿಕ್ಕತ್ತಿತ್ತು.

ಅದಾನ.

“ಅತ್ತಿ, ಫೋನು ಉಲ್ಟಾ ಹಿಡದೀರಿ,” ಅಂದ ಹುಡುಗ.
ಇರಲಿ ತಡಿಯಪ್ಪ, ಅಂದೆ.
ಇನ್ನೂ ಸ್ವಲ್ಪ ಹೊತ್ತು ಇರಲಿ.