ಸೊನ್ನೆ

ಸೋಹಾರ್ ಬಂದರಿನ ಮೂರನೇ ಗೋದಾಮಿನಲ್ಲಿ
ಕಪಾಟುಗಳಿಗೆಲ್ಲ ಕನ್ನಡ ಅಂಕಿ ಬರೆದವನು ಮಯ್ಯದ್ದಿ,
ಇಪ್ಪತ್ತೆರಡು ವರ್ಷದ ಹಿಂದೆ, ಕೆಂಪು ಪೇಂಟಿನಲ್ಲಿ,
ಯಾರನ್ನೂ ಕೇಳದೆ.

ಏಳು ಯಾವುದು, ಎಂಟು ಯಾವುದು
ನೇಪಾಳದ ಟೇಕ್ ಬಹಾದುರನಿಗೂ ಗೊತ್ತು,
ಮನಿಲಾದ ರೊಡೆಲ್‌ಗೂ ಗೊತ್ತು.
ಆರು, ಒಂಬತ್ತರ ನಡುವೆ ಎಡವಿ
ತಪ್ಪು ಗ್ಯಾಸ್ಕೆಟ್ ಒಯ್ದವರು ಉಂಟು;
ಬ್ಯಾರಿಯಲ್ಲಿ ಬೈಸಿಕೊಂಡು ಮತ್ತೆ ಮರೆಯಲಿಲ್ಲ.
ಈಜಿಪ್ಟಿನ ಫತ್ಹಿಯದು ಮಾತ್ರ ಒಂದೇ ತಕರಾರು:
"ನಿಮ್ಮ ಸೊನ್ನೆ ನಮ್ಮಲ್ಲಿ ಐದು."

ಸ್ಕ್ಯಾನರ್ ಬಂತು. ಜೊತೆಗೆ ದುಬೈಯಿಂದ
ಒಬ್ಬ ಸಲಹೆಗಾರ, ಪರದೆಯ ಮೇಲೆ
ಬದಲಾವಣೆಯ ಮೆಟ್ಟಿಲು;
ತುದಿಯಲ್ಲಿ ಒಬ್ಬ ನಗುತ್ತ ನಿಂತಿದ್ದ,
ಹೆಲ್ಮೆಟ್ ಇಲ್ಲದೆ.
ನನ್ನ ಎದೆಗೊಂದು ಹಸಿರು ಬಿಲ್ಲೆ ಸಿಕ್ಕಿಸಿದರು.
ಕೆಲಸ: ಮನ ಒಲಿಸುವುದು.

ಕೆಂಪು ಅಂಕಿಗಳ ಮೇಲೆ
ಗೀಟು ಗೀಟಿನ ಚೀಟಿ ನಾನೇ ಒತ್ತಿದೆ.
ಮಯ್ಯದ್ದಿ ಏಣಿ ಹಿಡಿದುಕೊಂಡ. ಬೇಡ ಅನ್ನಲಿಲ್ಲ.
"ಇದನ್ನು ಓದಲು ನನಗೆ ಬಾರದು ಮಾರಾಯ,
ನನ್ನನ್ನು ಓದಲು ಇದಕ್ಕೂ" ಎಂದ, ಅಷ್ಟೆ.

ನೋಟೀಸು ಕನ್ನಡದಲ್ಲೂ ಇರಲಿ ಎಂದರು.
ದುಂಡಗೆ ಬರೆದೆ:
ಈ ಬದಲಾವಣೆಯಿಂದ ಕೆಲಸ ಕಳೆದುಕೊಳ್ಳುವವರು ೦.

ಫತ್ಹಿ ಚಹಾ ಲೋಟ ಹಿಡಿದೇ ನೋಡಿದ,
ಇನ್ನೊಂದು ಕೈ ಎತ್ತಿ
ಬೆರಳು ಅಗಲಿಸಿ ತೋರಿಸಿದ.
ನಕ್ಕೆವು ಎಲ್ಲರೂ, ಮಯ್ಯದ್ದಿಯೂ,
ಚಹಾ ಚೆಲ್ಲುವಷ್ಟು.

ರಂಜಾನ್ ಕಳೆದ ಎರಡನೇ ವಾರ
ಮಸ್ಕತ್ತಿಗೆ, ವಿಮಾನಕ್ಕೆ ಹೊರಟ ವ್ಯಾನಿನಲ್ಲಿ
ಡ್ರೈವರನ ಪಕ್ಕ ಮಯ್ಯದ್ದಿ,
ಹಿಂದೆ ನಾಲ್ವರು.
ಕಿಟಕಿಯಿಂದ ಫತ್ಹಿ ಕೈ ಬೀಸಿದ.
ಅದೇ ಕೈ.

ನಾನೂ ಎತ್ತಿದೆ.
ಬೆರಳು ಬಿಚ್ಚಲಾಗಲಿಲ್ಲ.